ಎದೆಯ ನೆರಳು, ಮೈಯ ಚುಕ್ಕೆ

ನಮ್ಮ ಸೀಮೆಯ ಬಸ್ಸುಗಳಲ್ಲಿ ಸಹಪ್ರಯಾಣಿಕರ ಊರನ್ನು ತಿಳಿಯಲು ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಅವರ ಮಡಿಲಲ್ಲಿರುವ ವಸ್ತುವನ್ನು ನೋಡಿದರೆ ಸಾಕು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯೊಳಗಿಂದ ಮಲ್ಲಿಗೆಯ ಕಂಪು ಹೊಮ್ಮುತ್ತಿದ್ದರೆ ಆತ ಹೂವಿನ ಹಡಗಲಿಯವನು. ಹುಣಸೆಹಣ್ಣಿನ ಗಂಟನ್ನು ಕಾಲಸಂದಿಯಲ್ಲಿ ಭದ್ರವಾಗಿ ಇಟ್ಟುಕೊಂಡವನು ಕೂಡ್ಲಿಗಿಯ ಕಡೆಯವನು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಒಡೆದ ತೆಂಗಿನಕಾಯಿ ಇದ್ದರೆ ಕೊಟ್ಟೂರಿನಲ್ಲಿ ಗುರುಬಸವೇಶ್ವರಸ್ವಾಮಿಯ ದರ್ಶನ ಮುಗಿಸಿ ಹೊರಟವನೆಂದು ನಿಸ್ಸಂಶಯವಾಗಿ ಹೇಳಬಹುದು. ಇವರೆಲ್ಲರ ನಡುವೆ, ಯಾವ ಬಸ್ಸನ್ನೇ ಹತ್ತಿರಿ, ಒಬ್ಬನಾದರೂ ಒಂದು ದೊಡ್ಡ ಲಕೋಟೆಯನ್ನು ಹಿಡಿದು ಕುಳಿತಿರುತ್ತಾನೆ. ಅದನ್ನು ಮಡಿಸುವಂತಿಲ್ಲ, ಸುರುಳಿ ಸುತ್ತುವಂತಿಲ್ಲ, ಮೂಟೆಗಳೊಡನೆ ಮೇಲಿನ ಹಲಗೆಗೆ ಎಸೆಯುವಂತಿಲ್ಲ. ಆದ್ದರಿಂದ ಎಳೆಗೂಸನ್ನು ಹಿಡಿದಂತೆ ಎರಡು ಕೈಗಳಿಂದಲೂ ಹಿಡಿದಿರುತ್ತಾನೆ. ಅವನು ಯಾವ ಊರಿನವನೋ ಹೇಳಲಾಗದು. ಹೋಗುವ ಸ್ಥಳ ಮಾತ್ರ ದೊಡ್ಡಾಸ್ಪತ್ರೆ. ಲಕೋಟೆಯಲ್ಲಿರುವುದು ಯಾರದೋ ಎದೆಯ ಚಿತ್ರ.

ನಮ್ಮ ಸೀಮೆ ಎಂದೆನಷ್ಟೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಅದರ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಗೆ ಹಂಪಿಯ ಕೀರ್ತಿಯೂ ತುಂಗಭದ್ರಾ ಜಲಾಶಯದ ನೀರೂ ದೊರೆತಿವೆ. ಉಳಿದ ಐದು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು, ಮಳೆಯ ಮುಖ ನೋಡಿಕೊಂಡು ಬದುಕುವ ಊರುಗಳು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷಗಳಲ್ಲಿ ವಿಜಯನಗರಕ್ಕೆ ಸೇರಿತು. ಆದರೆ ಜಿಲ್ಲೆ ಎಷ್ಟು ಸಲ ಬದಲಾದರೇನು? ಕಾಯಿಲೆಯವರ ದಾರಿ ಬದಲಾಗಲಿಲ್ಲ. ಮೊದಲು ಊರಿನ ಸೂಜಿ, ಅನಂತರ ತಾಲ್ಲೂಕಿನ ಬಾಟಲಿ, ಕೊನೆಗೆ ಲಕೋಟೆ ಹಿಡಿದು ದಾವಣಗೆರೆಯೋ ಬಳ್ಳಾರಿಯೋ ಹುಬ್ಬಳ್ಳಿಯೋ. ಈ ಕ್ರಮವು ನಮ್ಮಲ್ಲಿ ಷೋಡಶ ಸಂಸ್ಕಾರಗಳಷ್ಟೇ ಖಚಿತವಾದುದು.

ಆ ಚಿತ್ರದ ಮೇಲೆ ನಮ್ಮ ಜನರಿಗಿರುವ ಭಕ್ತಿ ಅಪಾರ. ಚೀಟಿ ಬರೆದುಕೊಟ್ಟ ವೈದ್ಯನಿಗಿಂತ ಚಿತ್ರ ತೆಗೆಸಿದ ವೈದ್ಯನೇ ದೊಡ್ಡವನು. ಅವನಿಗಿಂತ ದೊಡ್ಡವನು ಸ್ಕ್ಯಾನ್ ಮಾಡಿಸಿದವನು. ಮೈಯ ಒಳಗನ್ನೇ ಕಂಡಮೇಲೆ ಇನ್ನು ಕಾಣಲು ಉಳಿದುದೇನು ಎಂಬ ಭಾವನೆ. ಈ ಭಾವನೆಗೆ ಕನ್ನಡದ ಮೇಷ್ಟ್ರಾದ ನಾನೊಂದು ಸಣ್ಣ ತಕರಾರನ್ನು ಹೂಡಬೇಕಾಗಿದೆ. ಜರ್ಮನಿಯ ರಾಂಟ್ಜೆನ್ ಮಹಾಶಯನು 1895ರಲ್ಲಿ ಈ ಕಿರಣವನ್ನು ಕಂಡಾಗ ಅದರ ಸ್ವರೂಪ ತಿಳಿಯದಿದ್ದುದರಿಂದ ಬೀಜಗಣಿತದಲ್ಲಿ ಅಜ್ಞಾತಕ್ಕೆ ಬಳಸುವ ‘ಎಕ್ಸ್’ ಅಕ್ಷರವನ್ನೇ ಹೆಸರಾಗಿ ಇಟ್ಟನು. ನಮ್ಮ ಹಿರಿಯರು ಅದನ್ನು ‘ಕ್ಷ-ಕಿರಣ’ವೆಂದು ಕನ್ನಡಿಸಿದರು. ಹೆಸರಿನಲ್ಲಿಯೇ ‘ಗೊತ್ತಿಲ್ಲ’ ಎಂಬ ವಿನಯವಿರುವ ಈ ಕಿರಣವನ್ನು ನಾವು ಸರ್ವಜ್ಞನೆಂದು ನಂಬಿಬಿಟ್ಟೆವು!

ನಿಜವಾಗಿ ಅದು ತೋರಿಸುವುದು ನೆರಳನ್ನು. ಗಾಳಿ ತುಂಬಿದ ಶ್ವಾಸಕೋಶದ ಮೂಲಕ ಕಿರಣವು ಸರಾಗವಾಗಿ ಹಾದುಹೋಗುವುದರಿಂದ ಆ ಭಾಗ ಕಪ್ಪಾಗಿ ಕಾಣುತ್ತದೆ. ಎಲುಬು ಕಿರಣವನ್ನು ತಡೆಯುವುದರಿಂದ ಬೆಳ್ಳಗೆ ಕಾಣುತ್ತದೆ. ಗಾಳಿಯಿರಬೇಕಾದ ಕಡೆ ನೀರೋ ಕೀವೋ ರಕ್ತವೋ ಸೇರಿದರೆ ಅಲ್ಲಿಯೂ ಬಿಳುಪು ಮೂಡುತ್ತದೆ. ‘ಇಲ್ಲಿ ಏನೋ ಬಂದು ಸೇರಿದೆ’ ಎಂದು ಚಿತ್ರ ಹೇಳುತ್ತದೆ. ಬಂದದ್ದು ಯಾರು, ಯಾವ ಬಾಗಿಲಿನಿಂದ ಬಂದರು ಎಂಬುದನ್ನು ಎಷ್ಟೋ ವೇಳೆ ಅದು ಹೇಳಲಾರದು.

ಅಲಂಕಾರಶಾಸ್ತ್ರವನ್ನು ಕಲಿಸುವಾಗ ನಾವು ಒಂದು ಹಳೆಯ ಉದಾಹರಣೆ ಕೊಡುವುದುಂಟು. ‘ಸೈಂಧವ’ ಎಂಬ ಶಬ್ದಕ್ಕೆ ಉಪ್ಪು ಎಂದೂ ಅರ್ಥ, ಕುದುರೆ ಎಂದೂ ಅರ್ಥ. ಯಜಮಾನನು ಊಟಕ್ಕೆ ಕುಳಿತು ಸೈಂಧವವನ್ನು ತಾ ಎಂದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟು ನಿಂತು ತಾ ಎಂದರೆ ಕುದುರೆ ತರಬೇಕು. ಶಬ್ದ ಒಂದೇ, ಅರ್ಥವನ್ನು ನಿರ್ಣಯಿಸುವುದು ಸಂದರ್ಭ. ಸಂದರ್ಭವನ್ನು ವಿಚಾರಿಸದೆ ಊಟದ ಎಲೆಯ ಮುಂದೆ ಕುದುರೆ ತಂದು ನಿಲ್ಲಿಸುವ ಸೇವಕನನ್ನು ಕಂಡು ವಿದ್ಯಾರ್ಥಿಗಳು ನಗುತ್ತಾರೆ. ಎದೆಯ ಚಿತ್ರದ ವಿಷಯದಲ್ಲಿಯೂ ಇಂಥ ಕುದುರೆ ಎಲೆಯ ಮುಂದೆ ಬಂದು ನಿಲ್ಲುವುದುಂಟು ಎಂಬುದನ್ನು ನಾನು ತಿಳಿದದ್ದು 2022ರ ಕಾರ್ತಿಕ ಮಾಸದಲ್ಲಿ. ಅಂದು ನಗುವ ಸ್ಥಿತಿಯಲ್ಲಿ ನಾವಾರೂ ಇರಲಿಲ್ಲ.

ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ವಯಸ್ಸು ಅರವತ್ತರ ಮೇಲೆ ಎರಡೋ ಮೂರೋ. ಹೊಲಕ್ಕೆ ಹೋಗದ ದಿನ ಅನ್ನ ಸೇರದು ಎನ್ನುವ ಜಾತಿಯ ಹೆಂಗಸು. ಆ ವರ್ಷ ಮಳೆ ಚೆನ್ನಾಗಿ ಆಗಿ ಬದುಗಳ ಮೇಲೆ ಹುಲ್ಲು ಸೊಂಟದುದ್ದ ನಿಂತಿತ್ತು. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಶೇಂಗಾ ಕೀಳುವುದು, ದನಗಳಿಗೆ ಹುಲ್ಲು ಕೊಯ್ಯುವುದು, ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಅದೇ ಹುಲ್ಲಿನ ಮೇಲೆ ಕ್ಷಣಕಾಲ ಒರಗುವುದು ನಡೆದಿತ್ತು. ಅದಾದ ಹತ್ತು ಹನ್ನೆರಡು ದಿನಕ್ಕೆ ಜ್ವರ ಬಂತು. ತಲೆ ಸಿಡಿಯುವ ನೋವು, ಮೈಕೈ ಜಜ್ಜಿದಂತೆ. ಊರಿನ ಸೂಜಿ ಆಯಿತು, ತಾಲ್ಲೂಕಿನ ಬಾಟಲಿಯೂ ಆಯಿತು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಇಲ್ಲವೆಂದರು, ಡೆಂಗೆ ಇಲ್ಲವೆಂದರು. ಆರನೆಯ ದಿನ ಒಣ ಕೆಮ್ಮು ಹತ್ತಿತು. ಚಿತ್ರ ತೆಗೆಸಿದರು.

ಚಿತ್ರದಲ್ಲಿ ಎರಡೂ ಕಡೆಯ ಶ್ವಾಸಕೋಶಗಳ ಕೆಳಭಾಗದಲ್ಲಿ ಜೇಡರ ಬಲೆಯಂಥ ಸಣ್ಣ ಬಿಳಿಯ ಗೆರೆಗಳು. ಅವುಗಳ ಮೇಲೆ ಉಸಿರು ಬಿಟ್ಟ ಕನ್ನಡಿಯಂತೆ ಒಂದು ಮಬ್ಬು. ಅದನ್ನು ನೋಡಿದವರೆಲ್ಲ ತಮ್ಮ ತಮ್ಮ ಭಯವನ್ನೇ ಅದರಲ್ಲಿ ಕಂಡರು. ಮಾವನಿಗೆ ಕ್ಷಯ ಕಂಡಿತು. ಅವರ ಅಣ್ಣ ಹೋದದ್ದು ಅದರಿಂದಲೇ. ಮಗನಿಗೆ ಕೋವಿಡ್ ಕಂಡಿತು. ಹಿಂದಿನ ವರ್ಷ 25ಕ್ಕೆ ಇಷ್ಟು ಎಂದು ಸ್ಕ್ಯಾನಿನ ಅಂಕಗಳನ್ನು ಮನೆಮನೆಯಲ್ಲೂ ಪರೀಕ್ಷೆಯ ಫಲಿತಾಂಶದಂತೆ ಹೇಳಿಕೊಂಡದ್ದನ್ನು ಯಾರು ಮರೆತಾರು? ಚಿತ್ರ ನೋಡಿದ ವೈದ್ಯರಿಗೆ ಸಾಮಾನ್ಯ ನ್ಯುಮೋನಿಯ ಕಂಡಿತು. ಅದಕ್ಕೆ ತಕ್ಕ ಬೆಲೆಯುಳ್ಳ ಚುಚ್ಚುಮದ್ದು ನಡೆಯಿತು. ಜ್ವರ ಒಂದು ಗೆರೆಯೂ ಇಳಿಯಲಿಲ್ಲ. ಎಂಟನೆಯ ದಿನ ಉಸಿರು ಮೇಲಕ್ಕೆ ಎಳೆಯತೊಡಗಿದಾಗ ಲಕೋಟೆಯೊಡನೆ ಆಕೆಯನ್ನೂ ದಾವಣಗೆರೆಗೆ ಸಾಗಿಸಿದೆವು. ಅಲ್ಲಿ ತೆಗೆದ ಎರಡನೆಯ ಚಿತ್ರದಲ್ಲಿ ಬಲೆ ಹೋಗಿ ಬೆಳ್ಳನೆಯ ಮೋಡವೇ ಕವಿದಿತ್ತು. ಶ್ವಾಸಕೋಶದ ಬುಡದಲ್ಲಿ ನೀರು ನಿಂತಿತ್ತು. ಮೂಗಿಗೆ ಆಮ್ಲಜನಕ ಕೊಟ್ಟರು. ಕಾಗದದ ಮೇಲೆ ನಮ್ಮಿಂದ ಸಹಿ ಹಾಕಿಸಿಕೊಂಡರು.

ಮರುದಿನ ಬೆಳಗ್ಗೆ ಹಾಸಿಗೆಯ ಬಟ್ಟೆ ಬದಲಿಸಲು ಬಂದ ಹಿರಿಯ ದಾದಿಯೊಬ್ಬಳು ಅತ್ತೆಯ ಮೈ ಒರೆಸುತ್ತಿದ್ದಾಗ ಎಡ ಸ್ತನದ ಕೆಳಗಿನ ಮಡಿಕೆಯಲ್ಲಿ ಒಂದು ಗುರುತನ್ನು ಕಂಡಳು. ಬೀಡಿಯ ಕಿಡಿ ತಗುಲಿದಂತೆ ಕರ್ರಗಿನ ಹಕ್ಕಳೆ, ಸುತ್ತ ಕೆಂಪಗಿನ ಅಂಚು, ಹುಣಸೆಬೀಜದಷ್ಟು ದೊಡ್ಡದು. ಅವಳು ಕೂಡಲೇ ವೈದ್ಯರನ್ನು ಕರೆತಂದಳು. ಅವರು ಚುಕ್ಕೆಯನ್ನು ನೋಡಿ, ನಮ್ಮ ಕಡೆಗೆ ತಿರುಗಿ, ಹತ್ತು ದಿನಗಳಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: “ಜ್ವರಕ್ಕೆ ಮೊದಲು ಇವರು ಎಲ್ಲಿ ಕೆಲಸ ಮಾಡುತ್ತಿದ್ದರು?”

ಆ ಜ್ವರದ ಹೆಸರು ಸ್ಕ್ರಬ್ ಟೈಫಸ್. ಸ್ಕ್ರಬ್ ಎಂದರೆ ಕುರುಚಲು ಕಾಡು. ಟೈಫಸ್ ಎಂಬುದು ಗ್ರೀಕ್ ಮೂಲದ ಪದ; ಹೊಗೆ, ಮಂಪರು ಎಂದು ಅರ್ಥ. ಕುರುಚಲಿನಿಂದ ಬಂದು ಬುದ್ಧಿಗೆ ಹೊಗೆ ಕವಿಸುವ ಜ್ವರ ಎಂದರೆ ಸರಿಯಾದೀತು. ಇದಕ್ಕೆ ಕಾರಣವಾದ ಅಣುಜೀವಿಗೆ 1995ರಿಂದ ಓರಿಯೆನ್ಷಿಯ ಸುಟ್ಸುಗಮುಶಿ ಎಂಬ ಹೆಸರು. ಎರಡನೆಯ ಪದ ಜಪಾನಿನದು. ಕೇಡಿನ ಹುಳು ಎಂಬಂಥ ಅರ್ಥ. ಜಪಾನಿನ ನೀಗಾತ, ಅಕಿತ, ಯಮಗತ ಪ್ರಾಂತಗಳ ನದೀತೀರದಲ್ಲಿ ನೆರೆ ಇಳಿದ ಮೇಲೆ ಹುಲ್ಲು ಕೊಯ್ಯಲು ಹೋದ ರೈತರು ಈ ಜ್ವರದಿಂದ ಸಾಯುತ್ತಿದ್ದುದನ್ನು ಅಲ್ಲಿನ ಜನ ಬಹು ಹಿಂದೆಯೇ ಬಲ್ಲರು.

ಹುಳುವೆಂದರೆ ಒಂದು ಜಾತಿಯ ನುಸಿಯ ಮರಿ. ಅಳತೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ. ತಾಯಿ ನುಸಿ ಮಣ್ಣಿನಲ್ಲಿ ಬದುಕುವ ನಿರಪಾಯ ಪ್ರಾಣಿ. ಅದು ಯಾರನ್ನೂ ಕಚ್ಚದು. ಆದರೆ ತನ್ನೊಳಗಿನ ರೋಗಾಣುವನ್ನು ಮೊಟ್ಟೆಯ ಮೂಲಕ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಿಟ್ಟುಹೋಗುತ್ತದೆ. ಮೊಟ್ಟೆಯೊಡೆದ ಮರಿ ಹುಲ್ಲಿನ ತುದಿಗೇರಿ, ಹಾದುಹೋಗುವ ಇಲಿಗಾಗಿ ಕಾದಿರುತ್ತದೆ. ಇಲಿಯ ಬದಲು ಮನುಷ್ಯ ಸಿಕ್ಕರೆ ಬೇಡವೆನ್ನುವುದಿಲ್ಲ. ಬಟ್ಟೆ ಬಿಗಿಯಾಗಿ ಒತ್ತಿದ ಕಡೆ, ಚರ್ಮ ಮೃದುವಾದ ಕಡೆ ಕಚ್ಚಿ, ಎರಡು ಮೂರು ದಿನ ಅಂಟಿಕೊಂಡಿದ್ದು ಉದುರಿ ಹೋಗುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ. ಅಲ್ಲಿ ಮೂಡುವ ಕಪ್ಪು ಹಕ್ಕಳೆ ಸಾಮಾನ್ಯವಾಗಿ ನೋಯುವುದೂ ಇಲ್ಲ. ಹತ್ತು ದಿನಗಳ ಆಚೀಚೆ ಜ್ವರ ಬರುವ ಹೊತ್ತಿಗೆ ಅಪರಾಧಿ ಊರು ಬಿಟ್ಟಿರುತ್ತಾನೆ. ಉಳಿಯುವುದು ಅವನ ಹೆಜ್ಜೆಗುರುತು ಮಾತ್ರ.

ಇನ್ನು ಶ್ವಾಸಕೋಶದಲ್ಲಿ ನೆರಳು ಮೂಡುವ ಬಗೆ. ರೋಗಾಣು ನೆಲಸುವುದು ರಕ್ತನಾಳಗಳ ಒಳಮೈಗೆ ಹಾಸಿದ ತೆಳುವಾದ ಕಣಗಳಲ್ಲಿ. ಅವು ಘಾಸಿಗೊಂಡಾಗ ಹಳೆಯ ಚರ್ಮದ ಚೀಲದಂತೆ ಸಣ್ಣ ನಾಳಗಳು ಒಸರತೊಡಗುತ್ತವೆ. ಒಸರಿದ ನೀರು ಮೊದಲು ಗಾಳಿಗೂಡುಗಳ ನಡುವಣ ಗೋಡೆಗಳಲ್ಲಿ ಸೇರುತ್ತದೆ. ಆಗ ಚಿತ್ರದಲ್ಲಿ ಬಲೆಯಂಥ ಗೆರೆಗಳೂ ಮಬ್ಬೂ ಕಾಣುತ್ತವೆ. ಹೆಚ್ಚಾಗಿ ಎರಡೂ ಕಡೆ, ಕೆಳಭಾಗದಲ್ಲಿ. ಕೆಲವರಲ್ಲಿ ಶ್ವಾಸಕೋಶದ ಹೊರ ಪೊರೆಯಲ್ಲಿ ನೀರು ನಿಲ್ಲುತ್ತದೆ. ಕೆಲವರಲ್ಲಿ ಹೃದಯದ ನೆರಳು ಹಿಗ್ಗುತ್ತದೆ. ಸ್ಕ್ಯಾನ್ ಮಾಡಿಸಿದರೆ ಇವೇ ಗೆರೆಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಕಂಕುಳಿನ ಗ್ರಂಥಿಗಳು ಊದಿದ್ದರೆ ಅದೂ ಕಾಣುತ್ತದೆ. ಚಿಕಿತ್ಸೆ ತಡವಾದರೆ ನೀರು ಗಾಳಿಗೂಡುಗಳಿಗೇ ನುಗ್ಗಿ ಎರಡೂ ಕಡೆ ಬಿಳಿಯ ಮೋಡ ಕವಿಯುತ್ತದೆ. ಇವುಗಳಲ್ಲಿ ಒಂದಾದರೂ ಈ ಜ್ವರಕ್ಕೇ ಮೀಸಲಾದ ಲಕ್ಷಣವಲ್ಲ. ಬಲೆಯ ಗೆರೆಗಳು ವೈರಸ್ಸಿನ ನ್ಯುಮೋನಿಯದಲ್ಲಿಯೂ ಉಂಟು; ಪೊರೆಯ ನೀರು ಡೆಂಗೆಯಲ್ಲಿಯೂ ಕ್ಷಯದಲ್ಲಿಯೂ ಉಂಟು; ಬಿಳಿಯ ಮೋಡ ಸೋತ ಹೃದಯದಲ್ಲಿಯೂ ಉಂಟು. ಅದಕ್ಕಿಂತ ವಿಚಿತ್ರವೆಂದರೆ, ಮೊದಲ ದಿನಗಳಲ್ಲಿ ಎಷ್ಟೋ ಮಂದಿಯ ಚಿತ್ರ ನಿರ್ಮಲವಾಗಿಯೇ ಇರುತ್ತದೆ. ಉಪ್ಪೋ ಕುದುರೆಯೋ ಎಂಬುದನ್ನು ಸಂದರ್ಭವೇ ಹೇಳಬೇಕು.

ಚಿತ್ರ ನಿರುಪಯೋಗಿ ಎಂದು ಓದುಗರು ಭಾವಿಸಬಾರದು. ಕಾಯಿಲೆ ಎಷ್ಟು ದೂರ ನಡೆದಿದೆ, ಉಸಿರಿಗೆ ಯಂತ್ರದ ಆಸರೆ ಬೇಕಾದೀತೆ, ಔಷಧಕ್ಕೆ ಮೋಡ ಚದುರುತ್ತಿದೆಯೆ ಎಂಬುದನ್ನು ವೈದ್ಯರು ಅಳೆಯುವುದು ಅದರಿಂದಲೇ. ವೆಲ್ಲೂರಿನ ಕ್ರೈಸ್ತ ವೈದ್ಯ ಮಹಾವಿದ್ಯಾಲಯದ ಡಾ. ಜಾರ್ಜ್ ವರ್ಗೀಸ್ ಮತ್ತು ಅವರ ಸಂಗಡಿಗರು ಭಾರತದ 7 ಆಸ್ಪತ್ರೆಗಳಲ್ಲಿ ಈ ಜ್ವರ ಉಲ್ಬಣಿಸಿದ 794 ಮಂದಿಯ ಮೇಲೆ ನಡೆಸಿದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 62 ಮಂದಿಗೆ ಶ್ವಾಸಾಂಗವೇ ಘಾಸಿಗೊಂಡಿತ್ತು. ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎಂಬ ಎರಡು ಔಷಧಗಳನ್ನು ಬೇರೆ ಬೇರೆಯಾಗಿ ಕೊಡುವುದಕ್ಕಿಂತ ಒಟ್ಟಿಗೆ ರಕ್ತನಾಳದ ಮೂಲಕ ಕೊಟ್ಟರೆ ಉಲ್ಬಣಸ್ಥಿತಿಯಲ್ಲಿ ಹೆಚ್ಚು ಗುಣವೆಂದು ಅವರು ತೋರಿಸಿಕೊಟ್ಟರು. ಜ್ವರ ಉಲ್ಬಣಿಸುವ ಮೊದಲೇ ಗುರುತಿಸಿದರಂತೂ ಇಷ್ಟೆಲ್ಲ ಬೇಕಿಲ್ಲ; ಡಾಕ್ಸಿಸೈಕ್ಲಿನ್ ಗುಳಿಗೆಯೊಂದೇ ಸಾಮಾನ್ಯವಾಗಿ ಸಾಕು. ಅದು ದುಬಾರಿಯ ವಸ್ತುವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮದ ಕಾಡುಗಳಲ್ಲಿ ಸೈನಿಕರು ಈ ಜ್ವರಕ್ಕೆ ಬಲಿಯಾದಾಗ ಯಾವ ಮದ್ದೂ ಇರಲಿಲ್ಲ. 1948ರಲ್ಲಿ ಮಲಯದ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಔಷಧ ಇದನ್ನು ಗುಣಪಡಿಸುವುದು ಕಂಡುಬಂತು. ಅಂದಿನಿಂದ ಈ ಜ್ವರಕ್ಕೆ ಮದ್ದಿಲ್ಲವೆಂಬ ಮಾತಿಲ್ಲ. ಕೊರತೆ ಇರುವುದು ಗುರುತಿಸುವುದರಲ್ಲಿ. ನ್ಯುಮೋನಿಯಕ್ಕೆಂದು ಕೊಡುವ ಪೆನಿಸಿಲಿನ್ ಕುಲದ ಔಷಧಗಳು ಇದನ್ನು ಮುಟ್ಟುವುದೇ ಇಲ್ಲ. ರಕ್ತದ ಪರೀಕ್ಷೆಯೂ ಮೊದಲ ವಾರದಲ್ಲಿ ಕೆಲವೊಮ್ಮೆ ಇಲ್ಲವೆಂದೇ ಹೇಳೀತು. ಆದ್ದರಿಂದಲೇ ಬಲವಾದ ಸಂಶಯವಿದ್ದಲ್ಲಿ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆಯನ್ನು ಆರಂಭಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ.

ಅತ್ತೆಗೆ ಅಂದೇ ಚಿಕಿತ್ಸೆ ಬದಲಾಯಿತು. ಎರಡನೆಯ ದಿನ ಸಂಜೆ ಜ್ವರ ಬಿಟ್ಟಿತು. ನಾಲ್ಕನೆಯ ದಿನ, ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲವೆಂದು ಜಗಳ ತೆಗೆದಳು. ಆಗ ನಮಗೆಲ್ಲ ಧೈರ್ಯ ಬಂತು. ಮೂರು ವಾರದ ಮೇಲೆ ತೆಗೆದ ಚಿತ್ರದಲ್ಲಿ ಮೋಡ ಕರಗಿ ಶ್ವಾಸಕೋಶಗಳು ಅಮಾವಾಸ್ಯೆಯ ಆಕಾಶದಂತೆ ಕಪ್ಪಾಗಿದ್ದವು. ಒಂದು ದಿನ ನಾನು ಮೆಲ್ಲನೆ ಕೇಳಿದೆ: “ಅತ್ತೆ, ಆ ಚುಕ್ಕೆ ನಿನಗೆ ಮೊದಲೇ ಗೊತ್ತಿರಲಿಲ್ಲವೆ?”

“ಗೊತ್ತಿತ್ತಪಾ. ಒಗ್ಗರಣೆ ಸಿಡಿದಿರಬೇಕು ಅಂದ್ಕೊಂಡೆ.”

“ಹಾಗಾದರೆ ಹೇಳಬಾರದಿತ್ತೆ?”

“ಯಾರು ಕೇಳಿದ್ರಿ? ಎಲ್ಲಾರೂ ಆ ಫೋಟೋ ಹಿಡಕೊಂಡು ನೋಡಿದ್ರಿ. ನನ್ನ ಯಾರು ನೋಡಿದ್ರಿ?”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ನಮ್ಮ ಗಾದೆ. ಆದರೆ ಈ ಹುಣ್ಣು ಅಂಗೈಯಲ್ಲಿ ಆಗುವುದು ಅಪರೂಪ. ಹೆಂಗಸರಲ್ಲಿ ಅದು ಸ್ತನದ ಕೆಳಗೋ ಸೀರೆಯ ಗಂಟು ಬಿಗಿಯುವ ಹೊಟ್ಟೆಯ ಮೇಲೋ ಇರುವುದು ಹೆಚ್ಚು. ಗಂಡಸರಲ್ಲಿ ಕಂಕುಳು, ತೊಡೆಸಂದು. ಅಂದರೆ ಮರ್ಯಾದಸ್ಥರು ವೈದ್ಯರಿಗೂ ತೋರಿಸಲು ಸಂಕೋಚಪಡುವ, ಮರ್ಯಾದಸ್ಥ ವೈದ್ಯರು ನೋಡಲು ಸಂಕೋಚಪಡುವ ಸ್ಥಳಗಳು. ಐವತ್ತು ಜನರ ಸಾಲು ಹೊರಗೆ ನಿಂತಿರುವಾಗ, ಪರದೆಯಿಲ್ಲದ ಕೋಣೆಯಲ್ಲಿ, ಸೊಸೆಯಂದಿರೂ ಮೈದುನಂದಿರೂ ಸುತ್ತ ನೆರೆದಿರುವಾಗ ಯಾರು ಯಾರಿಗೆ ತೋರಿಸಬೇಕು? ಅದಕ್ಕಿಂತ ಚಿತ್ರ ತೆಗೆಸುವುದು ಸುಲಭ. ಎಲುಬಿನ ತನಕ ನೋಡುವ ಕಿರಣಕ್ಕೆ ನಾಚಿಕೆಯ ಅಡ್ಡಿಯಿಲ್ಲ. ಆದರೆ ಅದು ಚರ್ಮವನ್ನು ದಾಟಿ ಹೋಗಿಬಿಡುತ್ತದೆ. ಎಲ್ಲರಲ್ಲಿಯೂ ಈ ಚುಕ್ಕೆ ಇರುವುದಿಲ್ಲವೆಂಬುದೂ ನಿಜ. ಇದ್ದಾಗ ಮಾತ್ರ ಅದರಷ್ಟು ಸತ್ಯವಂತ ಸಾಕ್ಷಿ ಇನ್ನೊಂದಿಲ್ಲ.

ಅತ್ತೆ ಬದುಕಿದಳು. ಅದೇ ಬದುವಿನಲ್ಲಿ, ಅದೇ ವಾರ ಅವಳೊಡನೆ ಹುಲ್ಲು ಕೊಯ್ದ ಕೂಲಿಯ ಹೆಂಗಸೊಬ್ಬಳು ಬದುಕಲಿಲ್ಲ. ಅವಳಿಗೆ ಜ್ವರ ಬಂದದ್ದು ನಾಲ್ಕು ದಿನ ಮೊದಲು. ಕೂಲಿ ತಪ್ಪಬಾರದೆಂದು ಎರಡು ದಿನ ಜ್ವರದಲ್ಲಿಯೇ ಹೊಲಕ್ಕೆ ಬಂದಿದ್ದಳಂತೆ. ಆಮೇಲೆ ಅವಳಿಗೂ ಒಂದು ಚಿತ್ರ ತೆಗೆದರು. ಒಂದು ಲಕೋಟೆ ಕೊಟ್ಟರು. ದೊಡ್ಡಾಸ್ಪತ್ರೆಗೆ ಹೊರಟ ಗಾಡಿ ಅರ್ಧ ದಾರಿಯಿಂದ ಹಿಂತಿರುಗಿತು. ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಆಕೆಯ ಮಗ ಆ ಲಕೋಟೆಯನ್ನು ನನ್ನ ಬಳಿಗೆ ತಂದ. ಅದನ್ನು ಅವನು ಜಂತೆಯ ಸಂದಿನಲ್ಲಿ ಸಿಕ್ಕಿಸಿ ಜೋಪಾನ ಮಾಡಿದ್ದ. “ಸಾರ್, ನೀವು ಓದಿದವರು. ಇದರಾಗ ಏನು ಬರದೈತಿ, ಒಂದೀಟು ಓದಿ ಹೇಳ್ರಿ” ಎಂದ.

ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಹೆಸರೂ ವಯಸ್ಸೂ ಇದ್ದವು. ಪಕ್ಕೆಲುಬುಗಳ ಸಾಲು, ಎರಡು ಕಡೆಯೂ ಬಿಳಿಯ ಮಬ್ಬು. ನಡುವೆ, ತೆಗೆಯಲು ಮರೆತ ಕುಪ್ಪಸದ ಎರಡು ಕೊಕ್ಕೆಗಳು ನಕ್ಷತ್ರಗಳಂತೆ ಹೊಳೆಯುತ್ತಿದ್ದವು. ಕಾಸಿನ ಬೆಲೆಯ ತಂತಿಯ ಕೊಕ್ಕೆಯನ್ನು ಕಿರಣವು ಅಷ್ಟು ನಿಷ್ಠೆಯಿಂದ ಬರೆದಿಟ್ಟಿತ್ತು. ಆ ಕೊಕ್ಕೆಗೆ ಅರ್ಧ ಅಂಗುಲದ ಆಚೆ ಚರ್ಮದ ಮೇಲೆ ಒಂದು ಚುಕ್ಕೆ ಇತ್ತೇ, ಇರಲಿಲ್ಲವೇ ಎಂಬುದನ್ನು ಮಾತ್ರ ಇನ್ನು ಯಾರೂ ಹೇಳುವಂತಿರಲಿಲ್ಲ. ಅದೇ ಕಾಯಿಲೆಯೆಂದು ಸಾಧಿಸಲು ಆಧಾರವಿಲ್ಲ. ಅಲ್ಲವೆಂದು ನಂಬಲು ಮನಸ್ಸು ಒಪ್ಪುವುದಿಲ್ಲ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. “ಶ್ವಾಸದ ಚೀಲದಲ್ಲಿ ನೀರು ತುಂಬಿತ್ತಪ್ಪ. ನೀನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀಯೆ” ಎಂದೆ. ಅವನು ಲಕೋಟೆಯನ್ನು ಹಿಂದಕ್ಕೆ ಪಡೆದು, ಮಡಿಕೆಯಾಗದಂತೆ ಎರಡು ಕೈಗಳಿಂದ ಹಿಡಿದುಕೊಂಡು ಹೋದ. ತಾಯಿಯ ಬೇರೆ ಚಿತ್ರ ಆ ಮನೆಯಲ್ಲಿ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಚಿತ್ರವನ್ನು ನೋಡಿ ಮನುಷ್ಯನನ್ನು ಕೇಳದಿರುವ ಈ ಅಭ್ಯಾಸ ಇಂದಿನದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಕ್ಷ-ಕಿರಣ ಯಂತ್ರಗಳನ್ನು ಒಯ್ದು ಜನರ ಎದೆಯ ಚಿತ್ರ ತೆಗೆದರು. ಅದೇ ಸಂಸ್ಥೆಯ ದೇವಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಎಂಬಿಬ್ಬರಿಗೆ ಒಂದು ಸರಳವಾದ ಯೋಚನೆ ಹೊಳೆಯಿತು. ರೋಗಿಗಳ ಮನೆಗೆ ಹೋಗಿ ಅವರನ್ನೇ ಕೇಳಿದರು: ನಿಮಗೆ ಏನಾಗುತ್ತಿತ್ತು? ಏನು ಮಾಡಿದಿರಿ? ಹಳ್ಳಿಗರಿಗೆ ರೋಗದ ಅರಿವಿಲ್ಲವೆಂಬುದು ಅಂದಿನ ನಂಬಿಕೆ. ಉತ್ತರ ಬೇರೆಯೇ ಆಗಿತ್ತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮಿನ ಅರಿವೂ ಚಿಂತೆಯೂ ಇದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ನಡೆದು ಹೋಗಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಸೀಸೆ. 1963ರಲ್ಲಿ ಪ್ರಕಟವಾದ ಆ ಅಧ್ಯಯನವು ಕ್ಷಯದ ಬಗ್ಗೆ ದೇಶ ಯೋಚಿಸುವ ರೀತಿಯನ್ನು ತಿದ್ದಿತು. ಯಂತ್ರ ಹಳ್ಳಿಯನ್ನು ಹುಡುಕಿಕೊಂಡು ಬರುವ ಮೊದಲೇ ಹಳ್ಳಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತ್ತು; ಬಾಗಿಲಲ್ಲಿ ಕೇಳುವವರು ಬೇಕಾಗಿತ್ತು, ಅಷ್ಟೆ.

ಪೇಟೆಯ ಓದುಗರು, ಹೊಲದ ನುಸಿಯ ಪುರಾಣ ನಮಗೇಕೆ ಎನ್ನಬಹುದು. ನಿಮ್ಮ ಬಡಾವಣೆಯ ಕೊನೆಯಲ್ಲಿ ಮನೆ ಕಟ್ಟದ ನಿವೇಶನವೊಂದು ಇದ್ದೀತು. ಅಲ್ಲಿ ಹುಲ್ಲೂ ಪೊದೆಯೂ ಬೆಳೆದು ಇಲಿಗಳು ಸಂಸಾರ ಹೂಡಿದ್ದರೆ ಕುರುಚಲಿಗೆ ಬೇರೆ ಲಕ್ಷಣವಿಲ್ಲ. ಹಬ್ಬಕ್ಕೆಂದು ಊರಿಗೆ ಹೋಗಿ ಹೊಲದಲ್ಲಿ ಕುಳಿತು ಸೀತನಿ ತಿಂದು ಬಂದ ಮಕ್ಕಳೂ ಉಂಟು. ದಕ್ಷಿಣ ಭಾರತದಲ್ಲಿ ಈ ಜ್ವರ ಹೆಚ್ಚುವುದು ಮಳೆ ಹಿಂದೆ ಸರಿದು ಚಳಿ ಬೀಳುವ ತಿಂಗಳುಗಳಲ್ಲಿ. ನೆಗಡಿ ಕೆಮ್ಮುಗಳಿಗೂ ಅದೇ ಸುಗ್ಗಿ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ರೋಗಿಯಿಂದ ದೂರ ಸರಿಯಬೇಕಾಗಿಲ್ಲ. ಗುಳಿಗೆ ಅಗ್ಗವೆಂದು ಅಂಗಡಿಯಿಂದ ತಂದು ನುಂಗಲೂ ಬಾರದು; ಬಸುರಿಯರಿಗೆ, ಎಳೆಯ ಮಕ್ಕಳಿಗೆ ಯಾವುದು ಸಲ್ಲುತ್ತದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಾವು ಮಾಡಬಹುದಾದದ್ದು ಇಷ್ಟು. ಜ್ವರ ಐದು ದಿನ ದಾಟಿದರೆ ಸ್ನಾನದ ಕೋಣೆಯಲ್ಲಿ ಮೈಯ ಮಡಿಕೆಗಳನ್ನೆಲ್ಲ ನೋಡಿಕೊಳ್ಳುವುದು. ತಾವೇ ನೋಡಿಕೊಳ್ಳಲಾರದ ಮುದುಕರನ್ನೂ ಮಕ್ಕಳನ್ನೂ ಮನೆಯವರೊಬ್ಬರು ನೋಡುವುದು. ಚಿತ್ರದ ಲಕೋಟೆಯೊಡನೆ ಎರಡು ವಾಕ್ಯಗಳನ್ನೂ ವೈದ್ಯರಿಗೆ ಒಪ್ಪಿಸುವುದು: ಎರಡು ವಾರದ ಹಿಂದೆ ಇವರು ಎಲ್ಲಿದ್ದರು, ಮೈಮೇಲೆ ಏನು ಕಂಡಿತು.

ಅತ್ತೆ ಈಗ ನಮ್ಮ ಬಂಧುವರ್ಗದಲ್ಲಿ ಈ ವಿಷಯದ ಮುಖ್ಯ ಪಂಡಿತಳು. ಹೊಲದಿಂದ ಬಂದವರು ಉಟ್ಟ ಬಟ್ಟೆ ಕಳಚಿ, ಸಾಬೂನು ಹಚ್ಚಿ ಬಿಸಿನೀರು ಹೊಯ್ದುಕೊಂಡಲ್ಲದೆ ಒಳಗೆ ಬರಕೂಡದೆಂಬುದು ಅವಳ ಶಾಸನ. ಹುಲ್ಲಿನ ಮೇಲೆ ಚಾಪೆಯಿಲ್ಲದೆ ಒರಗಿದವರಿಗೆ ಬೈಗುಳ ತಪ್ಪಿದ್ದಲ್ಲ. ಓಣಿಯಲ್ಲಿ ಯಾರಿಗೇ ಜ್ವರ ಬರಲಿ, ಹೋಗಿ ಎದುರು ಕುಳಿತು, “ಎಲ್ಲಿ ಮಲಗಿದ್ದಿ? ಮೈ ನೋಡ್ಕೊಂಡಿಯೇನು?” ಎಂದು ಅಡ್ಡಪ್ರಶ್ನೆ ಹಾಕುತ್ತಾಳೆ. ಜನ ನಗುತ್ತಾರೆ, ನಕ್ಕರೂ ನೋಡಿಕೊಳ್ಳುತ್ತಾರೆ. ಕಳೆದ ಚಳಿಗಾಲದಲ್ಲಿ ಕುರಿ ಕಾಯುವ ಹುಡುಗನೊಬ್ಬನ ಕಂಕುಳಲ್ಲಿ ಅವಳು ಹುಡುಕಿಸಿದ ಚುಕ್ಕೆ ಸಿಕ್ಕಿತು. ಜ್ವರದ ಮೂರನೆಯ ದಿನವೇ ಅವನನ್ನು ಆಸ್ಪತ್ರೆಗೆ ಅಟ್ಟಿದಳು. ಏನು ಹೇಳಬೇಕೆಂಬುದನ್ನು ಎರಡು ಸಲ ಬಾಯಿಪಾಠ ಮಾಡಿಸಿ ಅಟ್ಟಿದಳು. ವಾರದೊಳಗೆ ಅವನು ಕುರಿಗಳ ಹಿಂದೆ ಇದ್ದ. ಅವನೂ ತನ್ನ ಲಕೋಟೆಯನ್ನು ನನಗೆ ತೋರಿಸಿದ. ಬೆಳಕಿಗೆ ಹಿಡಿದು ನೋಡಿದೆ. ಎದೆಯ ಎರಡು ಕಡೆಯೂ ಕಪ್ಪಾಗಿತ್ತು. ನೆರಳು ಎಲ್ಲಿಯೂ ಬಿದ್ದಿರಲಿಲ್ಲ.